ಹಳೆಯ ಧ್ವನಿವರ್ಧಕದ ಪೆಟ್ಟಿಗೆಗೆ ಹೊಸ ಮರದ ಪೊರೆ

ಮುಂಬಯಿಯ ಚೋರ್ ಬಜಾರಿನಲ್ಲಾಗಲಿ, ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳ ಹಿಂಬದಿಯಲ್ಲಾಗಲಿ, ಚೆನ್ನೈಯ ರಿಚಿ ಸ್ಟ್ರೀಟಿನಲ್ಲಾಗಲಿ ಸುತ್ತಾಡಿದವರು ಅವನ್ನು ನೋಡಿಯೇ ಇರುತ್ತಾರೆ. ಜೋಡಿ ಜೋಡಿಯಾಗಿ ಗೋಡೆಗೆ ಒರಗಿಸಿಟ್ಟ ಹಳೆಯ ಮರದ ಧ್ವನಿವರ್ಧಕದ ಪೆಟ್ಟಿಗೆಗಳವು. ಮೂಲೆ ಜಜ್ಜಿಹೋಗಿರುತ್ತದೆ, ಮೇಲಣ ಪೊರೆ ಹಪ್ಪಳದಂತೆ ಎದ್ದಿರುತ್ತದೆ, ನೆತ್ತಿಯ ಮೇಲೆ ಚಹಾದ ಲೋಟದ ಬಿಳಿಯ ಉಂಗುರಗಳು ಮೂಡಿರುತ್ತವೆ. ನಮ್ಮ ಹಲವು ಹೋಟೆಲುಗಳ ಅಟ್ಟದ ಮೇಲೂ, ನಾಟಕ ತಾಳಮದ್ದಳೆಗಳನ್ನು ನಡೆಸುವ ಸಂಘಗಳ ಕಪಾಟಿನ ಹಿಂದೆಯೂ ಇಂತಹ ಜೋಡಿಗಳು ಧೂಳು ತಿನ್ನುತ್ತ ಬಿದ್ದಿರುವುದುಂಟು. ಸುಣ್ಣ ಬಳಿಯುವ ಕಾಲಕ್ಕೆ ಅವು ಕೆಳಗಿಳಿಯುತ್ತವೆ. ಇನ್ನು ಗುಜರಿಗೆ ಕೊಟ್ಟುಬಿಡೋಣವೆಂದು ಯಾರಾದರೊಬ್ಬರು ಸೂಚಿಸುತ್ತಾರೆ. ತೂಕದ ಲೆಕ್ಕದಲ್ಲಿ ನಾಲ್ಕು ಕಾಸಿಗೆ ಅವು ಹೊರಟುಹೋಗುತ್ತವೆ. ತಾಮ್ರದ ತಂತಿ ಒಂದು ಕಡೆಗೆ, ಕಬ್ಬಿಣ ಇನ್ನೊಂದು ಕಡೆಗೆ, ಮರ ಒಲೆಗೆ.

ಪ್ಲಾಸ್ಟಿಕ್ಕಿನ ಪುಟ್ಟ ಪೆಟ್ಟಿಗೆಗಳು ಅಗ್ಗವಾಗಿ ದೊರೆಯುವಾಗ ಈ ಹಳೆಯ ಮರಕ್ಕೆ ಏಕೆ ಕೈಹಾಕಬೇಕೆಂದು ವಾಚಕರು ಕೇಳಬಹುದು. ಇದಕ್ಕೆ ಧ್ವನಿಯ ಧರ್ಮವೇ ಉತ್ತರ ಹೇಳುತ್ತದೆ. ಧ್ವನಿವರ್ಧಕದ ಕಾಗದದ ಶಂಕು ಮುಂದಕ್ಕೆ ಕಳುಹುವ ಅಲೆಯೂ ಹಿಂದಕ್ಕೆ ಕಳುಹುವ ಅಲೆಯೂ ಒಂದಕ್ಕೊಂದು ವಿರುದ್ಧವಾದವು. ಅವೆರಡೂ ಕೂಡಿದರೆ ತಗ್ಗಿನ ಸ್ವರಗಳು ಪರಸ್ಪರ ಅಳಿಸಿಹೋಗುತ್ತವೆ. ಅವನ್ನು ಬೇರ್ಪಡಿಸಿಡುವುದೇ ಪೆಟ್ಟಿಗೆಯ ಮುಖ್ಯ ಕೆಲಸ. ೮ ಅಂಗುಲದ ಶಂಕುವೂ ಒಂದೂವರೆ ಘನ ಅಡಿಯ ಹೊಟ್ಟೆಯೂ ಉಳ್ಳ ಪೆಟ್ಟಿಗೆಯಲ್ಲಿ ಮದ್ದಳೆಯ ಗುಂಭವಾದ ನಾದ ಮೈದುಂಬಿ ಬರುತ್ತದೆ. ಅಂಗೈಯಗಲದ ಪೆಟ್ಟಿಗೆಯಲ್ಲಿ ಅದು ಡಬ್ಬಿ ಬಡಿದಂತೆ ಕೇಳಿಸುತ್ತದೆ. ತಿಂಗಳ ಸಂಬಳದಲ್ಲಿ ಊರಿಗೆ ಹಣ ಕಳಿಸಿ, ಕೋಣೆಯ ಬಾಡಿಗೆ ಕೊಟ್ಟು ಉಳಿದುದರಲ್ಲಿ ಒಳ್ಳೆಯ ಸಂಗೀತ ಕೇಳಬೇಕೆನ್ನುವವನಿಗೆ ಇಂತಹ ಹಳೆಯ ಜೋಡಿಯನ್ನು ಬಿಟ್ಟರೆ ಬೇರೆ ಮಾರ್ಗ ನಮಗೆ ಕಾಣದು.

ಆದರೆ ಕೊಳ್ಳುವ ಮುನ್ನ ಒಳಗನ್ನು ನೋಡತಕ್ಕದ್ದು. ನಮ್ಮ ಪರಿಚಯದ ಗುಮಾಸ್ತರೊಬ್ಬರು ಹೊರಗಿನ ಹೊಳಪಿಗೆ ಮರುಳಾಗಿ ಒಂದು ಜೋಡಿಯನ್ನು ಹೊತ್ತುತಂದರು. ಜಾಲರಿ ತೆಗೆದಾಗ ಶಂಕುವಿನ ಸುತ್ತಣ ಫೋಮಿನ ಉಂಗುರ ಬೆರಳು ತಾಗಿದೊಡನೆ ಪುಡಿಯಾಯಿತು. ಕಡಲತೀರದ ಹವೆಯಲ್ಲಿ ಈ ಫೋಮು ಹತ್ತು ಹದಿನೈದು ವರ್ಷಗಳಲ್ಲಿ ಸಾಮಾನ್ಯವಾಗಿ ಕೊಳೆಯುತ್ತದೆ. ಹೊಸ ಉಂಗುರವನ್ನು ಅಂಟಿಸಿಕೊಡುವ ಕುಶಲರಿದ್ದಾರೆ, ಆದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು. ಬಟ್ಟೆಯ ಅಥವಾ ರಬ್ಬರಿನ ಅಂಚಾದರೆ ಹೆಚ್ಚು ಬಾಳುತ್ತದೆ. ಕಿಸೆಯಲ್ಲಿ ೧.೫ ವೋಲ್ಟಿನ ಒಂದು ಬ್ಯಾಟರಿಯನ್ನೂ ಎರಡು ತಂತಿಗಳನ್ನೂ ಇಟ್ಟುಕೊಂಡು ಹೋಗುವುದು ಲೇಸು. ದೊಡ್ಡ ಶಂಕುವಿನ ತಂತಿಗಳಿಗೆ ಅದನ್ನು ಕ್ಷಣಮಾತ್ರ ತಾಗಿಸಿದರೆ ಜೀವವಿದ್ದ ಶಂಕು ‘ಟಕ್’ ಎಂದು ಅಲುಗುತ್ತದೆ. ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ನಾವು ಹೇಳುತ್ತಿರುವುದು ಬರಿಯ ಧ್ವನಿವರ್ಧಕದ ಪೆಟ್ಟಿಗೆಯ ವಿಷಯ. ಹಳೆಯ ವಾಲ್ವ್ ರೇಡಿಯೋಗಳಲ್ಲಿ ಕೆಲವದರ ಲೋಹದ ತಳಕ್ಕೇ ಮನೆಯ ವಿದ್ಯುತ್ತು ನೇರವಾಗಿ ತಾಗಿಕೊಂಡಿರುತ್ತದೆ. ಅವನ್ನು ಬಲ್ಲವರಲ್ಲದೆ ಅನ್ಯರು ಬಿಚ್ಚಕೂಡದು.

ಇನ್ನು ಪೊರೆಯ ವಿಷಯ. ಬಡಗಿಗಳು ವೆನೀರ್ ಎಂದು ಕರೆಯುವ ಇದು ಅರ್ಧ ಮಿಲಿಮೀಟರಿನ ಆಸುಪಾಸಿನ ನಿಜವಾದ ಮರದ ಹಾಳೆ. ದಿಮ್ಮಿಯನ್ನು ನೀರಿನಲ್ಲಿ ಬೇಯಿಸಿ ಮೆದುಮಾಡಿ, ಅಗಲವಾದ ಅಲಗಿನಿಂದ ಸೀಳಿ ತೆಗೆಯುತ್ತಾರೆ. ದಿಮ್ಮಿಯನ್ನು ತಿರುಗಿಸುತ್ತ ಚಾಪೆ ಬಿಚ್ಚಿದಂತೆ ತೆಗೆದದ್ದು ಪ್ಲೈವುಡ್ಡಿನ ಒಡಲಿಗೆ ಹೋಗುತ್ತದೆ. ದಾಂಡೇಲಿಯ ಪ್ಲೈವುಡ್ ಕಾರಖಾನೆಯ ಹೆಸರು ಉತ್ತರ ಕನ್ನಡದ ಹಿರಿಯರಿಗೆ ಹೊಸದಲ್ಲ. ಅಂದಕ್ಕಾಗಿ ಬೇಕಾದುದನ್ನು ರೊಟ್ಟಿ ಕೊಯ್ದಂತೆ ಒಂದರ ಮೇಲೊಂದು ಹಾಳೆಯಾಗಿ ಸೀಳುತ್ತಾರೆ. ಪೊರೆ ಹೊದಿಸುವುದು ಮೋಸದ ಕೆಲಸವೆಂಬ ಭಾವನೆ ಕೆಲವರಲ್ಲಿದೆ. ೧೯೧೨ರಲ್ಲಿ ಪೂರ್ಣಗೊಂಡ ಮೈಸೂರಿನ ಅರಮನೆಯ ಅಂಬಾವಿಲಾಸದಲ್ಲಿ ಬೀಟೆಯ ಬಾಗಿಲಿಗೆ ದಂತವನ್ನು ಕೂರಿಸಿದ ಕೆಲಸವನ್ನು ಕಂಡವರು ಹಾಗೆನ್ನಲಾರರು. ತೆಳುವಾದ ವಸ್ತುವನ್ನು ಎಲ್ಲಿ ಹೇಗೆ ಕೂರಿಸಬೇಕೆಂಬುದೂ ಒಂದು ವಿದ್ಯೆಯೇ.

ಬೀಟೆಯ ಪೊರೆ ಕಣ್ಣಿಗೆ ಹಬ್ಬವಾದರೂ ದುಬಾರಿ. ಆ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರ ೨೦೧೭ರಿಂದ ನಿಯಂತ್ರಣಕ್ಕೆ ಒಳಪಟ್ಟಿದೆ. ನಮ್ಮ ಒಲವು ಸಾಗುವಾನಿಯ ಕಡೆಗೆ. ಅದು ಹವೆಯ ಏರುಪೇರನ್ನು ಸಹಿಸುತ್ತದೆ, ಪೇಟೆಯಲ್ಲಿ ಸುಲಭವಾಗಿಯೂ ಸಿಗುತ್ತದೆ. ಎಷ್ಟು ಬೇಕೆಂಬುದನ್ನು ಮೊದಲೇ ಗುಣಿಸಿಕೊಳ್ಳಬೇಕು. ೨೪ ಅಂಗುಲ ಎತ್ತರ, ೧೨ ಅಂಗುಲ ಅಗಲ, ೧೦ ಅಂಗುಲ ಆಳದ ಪೆಟ್ಟಿಗೆಗೆ ಎರಡು ಪಕ್ಕ, ಮೇಲು, ಕೆಳಗು, ಮುಖ ಎಲ್ಲವೂ ಕೂಡಿ ೧,೦೦೮ ಚದರ ಅಂಗುಲ, ಅಂದರೆ ೭ ಚದರ ಅಡಿ. ಜೋಡಿಗೆ ೧೪. ಕತ್ತರಿಸುವಾಗ ಹೋಗುವುದಕ್ಕೆ ಕಾಲು ಭಾಗ ಸೇರಿಸಿದರೆ ೧೭.೫ ಚದರ ಅಡಿ ಸಾಕು. ಅಂಗಡಿಯವನು ೮ ಅಡಿ ಉದ್ದ ೪ ಅಡಿ ಅಗಲದ, ಪ್ಲೈವುಡ್ಡಿಗೆ ಅಂಟಿಸಿದ ದಪ್ಪ ಹಲಗೆಯನ್ನು ಮುಂದಿಡುತ್ತಾನೆ. ಅದು ಬೀರುವಿಗೆ ಸರಿ, ನಮ್ಮ ಪೆಟ್ಟಿಗೆಗಲ್ಲ. ಬರಿಯ ಹಾಳೆಯನ್ನೇ ಕೇಳಬೇಕು. ಒಂದೇ ದಿಮ್ಮಿಯಿಂದ ಒಂದಾದ ಮೇಲೊಂದು ಬಂದ ಹಾಳೆಗಳನ್ನು ಕೊಂಡು ಸೀಮೆಸುಣ್ಣದಿಂದ ಅಂಕೆ ಹಾಕಿಟ್ಟುಕೊಂಡರೆ ಎಡಬಲದ ಪೆಟ್ಟಿಗೆಗಳು ಅವಳಿಗಳಂತೆ ಕಾಣುವುವು.

ಪೆಟ್ಟಿಗೆಯನ್ನು ಬಿಚ್ಚುವಾಗ ಕೆಂಪು ಕಪ್ಪು ತಂತಿಗಳ ಸ್ಥಾನವನ್ನು ಕಾಗದದಲ್ಲಿ ಬರೆದಿಡಬೇಕು. ತಿರುಪುಳಿ ಕಾಂತದ ಸೆಳೆತಕ್ಕೆ ಸಿಕ್ಕಿ ಹಾರಿ ಶಂಕುವನ್ನು ಹರಿಯುವುದುಂಟು. ಆದುದರಿಂದ ಒಂದು ಕೈ ಸದಾ ಅದರ ಮೇಲಿರಲಿ. ಹಳೆಯ ಪೊರೆ ಗಟ್ಟಿಯಾಗಿದ್ದರೆ ಕೀಳುವ ಗೋಜೇ ಬೇಡ, ಉಜ್ಜಿ ಅದರ ಮೇಲೆಯೇ ಹೊಸದನ್ನು ಹಾಕಬಹುದು. ಎದ್ದಿದ್ದರೆ ಇಸ್ತ್ರಿಪೆಟ್ಟಿಗೆಯ ಶಾಖದಿಂದ ಅಂಟನ್ನು ಸಡಿಲಿಸಿ ಅಗಲವಾದ ಉಳಿಯಿಂದ ಮೆಲ್ಲನೆ ಎಬ್ಬಿಸಬೇಕು. ಒದ್ದೆ ಬಟ್ಟೆಯನ್ನು ಮಾತ್ರ ಉಪಯೋಗಿಸಬಾರದು. ಬಹುಪಾಲು ಪೆಟ್ಟಿಗೆಗಳ ಒಡಲು ಮರದ ಚೂರುಗಳನ್ನು ಅಂಟಿನಿಂದ ಒತ್ತಿದ ಹಲಗೆ, ನೀರು ಕುಡಿದರೆ ನೆನೆದ ಅವಲಕ್ಕಿಯಂತೆ ಉಬ್ಬಿಬಿಡುತ್ತದೆ. ಉಬ್ಬಿದ ಅಂಚನ್ನು ಉಜ್ಜಿ, ಮರದ ಹುಡಿ ಕಲಸಿದ ಅಂಟಿನಿಂದ ತಗ್ಗು ತುಂಬಿ, ಒಣಗಿದ ಬಳಿಕ ಸಮಮಾಡಬೇಕು. ಈ ಹುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಮೂಗಿಗೆ ಬಟ್ಟೆ ಕಟ್ಟದೆ, ಮಕ್ಕಳು ಮಲಗುವ ಕೋಣೆಯಲ್ಲಿ ಇದನ್ನು ಉಜ್ಜಬಾರದು, ಗಚ್ಚಿಯೇ ಯೋಗ್ಯ.

ಕೆಲಸದ ಜೀವಾಳವಿರುವುದು ಅಂಟಿನಲ್ಲಿ. ಹಿಂದೆ ಬಡಗಿಗಳು ಪ್ರಾಣಿಗಳ ಚರ್ಮ ಎಲುಬುಗಳಿಂದ ಮಾಡಿದ ಸರೇಸನ್ನು ಕಾಯಿಸಿ ಬಿಸಿಯಾಗಿರುವಾಗಲೇ ಹಚ್ಚುತ್ತಿದ್ದರು. ೧೯೫೯ರಲ್ಲಿ ಫೆವಿಕಾಲ್ ಪೇಟೆಗೆ ಬಂದ ಮೇಲೆ ಬಿಳಿಯ ಅಂಟು ಅದರ ಸ್ಥಾನವನ್ನು ಆಕ್ರಮಿಸಿತು. ಹಳದಿಯ ಬಣ್ಣದ, ಮೂಗಿಗೆ ಅಡರುವ ರಬ್ಬರಿನ ಅಂಟನ್ನು ಕೆಲವರು ಹೊಗಳುವರು. ಅದು ತಾಗಿದ ಕ್ಷಣವೇ ಹಿಡಿಯುವುದರಿಂದ ಸೊಟ್ಟಗಾದರೆ ತಿದ್ದುವಂತಿಲ್ಲ; ಅದರ ಆವಿಗೆ ಬೆಂಕಿ ಬೇಗ ಹತ್ತುತ್ತದೆ; ಮೇಲೆ ಬಳಿದ ಪಾಲಿಷಿನ ದ್ರವ ಒಳಕ್ಕಿಳಿದರೆ ಪೊರೆ ಗುಳ್ಳೆಯೇಳುವುದೂ ಉಂಟು. ಒಲೆಯ ಪಕ್ಕದಲ್ಲೇ ಬದುಕುವ ನಮ್ಮವರ ಕೋಣೆಗಳಿಗೆ ಅದು ಬೇಡವೆಂದೇ ನಮ್ಮ ಅಭಿಪ್ರಾಯ.

ಬಿಳಿಯ ಅಂಟಿಗೆ ಒಂದು ಗುಣವಿದೆ: ಒಣಗಿದ ಮೇಲೂ ಶಾಖ ತಾಗಿದರೆ ಮೆದುವಾಗಿ ಮತ್ತೆ ಹಿಡಿಯುತ್ತದೆ. ಒತ್ತುವ ಯಂತ್ರವಿಲ್ಲದವನಿಗೆ ಇದೇ ಆಸರೆ. ಪೊರೆಯನ್ನು ಸುತ್ತಲೂ ೧೦ ಮಿಲಿಮೀಟರು ಹೆಚ್ಚಾಗಿ ಕತ್ತರಿಸಿ, ಅದರ ಬೆನ್ನಿಗೂ ಪೆಟ್ಟಿಗೆಗೂ ಅಂಟನ್ನು ತೆಳುವಾಗಿ, ಒಂದೆಡೆಯೂ ಬಿಡದಂತೆ ಹಚ್ಚಬೇಕು. ಪೊರೆ ಸುರುಳಿಗೊಂಡರೆ ಗಾಬರಿ ಬೇಡ. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಅಂಟಿನ ಬಿಳುಪು ಹೋಗಿ ಪಾರದರ್ಶಕವಾಗುತ್ತದೆ. ಮುಟ್ಟಿದರೆ ಕೈಗೆ ಹತ್ತಬಾರದು. ಆಗ ಪೊರೆಯನ್ನು ಸ್ಥಾನದಲ್ಲಿಟ್ಟು, ಮೇಲೆ ತೆಳುವಾದ ಬಟ್ಟೆ ಹಾಸಿ, ಉಣ್ಣೆಗೆ ಇಡುವಷ್ಟು ಬಿಸಿಯಾದ ಒಣ ಇಸ್ತ್ರಿಪೆಟ್ಟಿಗೆಯನ್ನು ನಡುವಿನಿಂದ ಅಂಚಿನತ್ತ ನಿಧಾನವಾಗಿ ಸರಿಸಬೇಕು. ಅದರ ಬೆನ್ನಿಗೇ ನುಣುಪಾದ ಮರದ ತುಂಡಿನಿಂದ ಬಲವಾಗಿ ಒತ್ತಿ ಉಜ್ಜುತ್ತ ಹೋಗಬೇಕು. ತಣಿಯುವಾಗ ಆ ಒತ್ತಡವೇ ಪೊರೆಯನ್ನು ಹಿಡಿದಿಡುವುದು. ಮೊದಲು ತಳ, ಆಮೇಲೆ ಪಕ್ಕಗಳು, ಅನಂತರ ಮೇಲುಭಾಗ, ಕೊನೆಗೆ ಮುಖ. ಈ ಕ್ರಮದಲ್ಲಿ ಎದುರಿಗೆ ಕುಳಿತವನಿಗೆ ಸಂದಿಯ ಗೆರೆ ಕಾಣದು. ಮುಂಬಯಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಕೆಲಸಕ್ಕೆ ತೊಡಗಬಾರದು. ಮಳೆಗಾಲದ ತೇವವನ್ನು ಹೀರಿ ಹಿಗ್ಗಿದ ಪೊರೆ ಚಳಿಗಾಲಕ್ಕೆ ಕುಗ್ಗಿ ಬಿರಿಯುತ್ತದೆ.

ಮರುದಿನ ಉಗುರಿನಿಂದ ತಟ್ಟುತ್ತ ಹೋದರೆ ಹಿಡಿಯದ ಜಾಗ ಟೊಳ್ಳಾಗಿ ನುಡಿಯುತ್ತದೆ. ಅಲ್ಲಿ ಮರದ ಎಳೆಯ ಗುಂಟ ಬ್ಲೇಡಿನಿಂದ ಸೀಳಿ, ಅಂಟು ತೂರಿಸಿ, ಮತ್ತೆ ಇಸ್ತ್ರಿ ಮಾಡಿದರಾಯಿತು. ಹೆಚ್ಚಿನ ಅಂಚನ್ನು ಎಳೆಗೆ ಅಡ್ಡಲಾಗಿ ಕೊಯ್ಯುವಾಗ ಹೊರಗಿನಿಂದ ಒಳಕ್ಕೆ ಕೊಯ್ಯಬೇಕು, ಇಲ್ಲವಾದರೆ ಮೂಲೆ ಸಿಗಿದುಹೋಗುತ್ತದೆ. ಉಜ್ಜುಕಾಗದ ೧೮೦, ೨೪೦, ೩೨೦ ಎಂಬ ಕ್ರಮದಲ್ಲಿ, ಎಳೆಯ ಗುಂಟವೇ ನಡೆಯಲಿ. ಪೊರೆಯಿರುವುದು ಅರ್ಧ ಮಿಲಿಮೀಟರು ಮಾತ್ರ. ಮೂಲೆಯಲ್ಲಿ ಎರಡು ಸಲ ಹೆಚ್ಚು ಉಜ್ಜಿದರೆ ಒಳಗಿನ ಚೂರು ಹಲಗೆ ಹಲ್ಲು ಕಿರಿಯುವುದು.

ಪಾಲಿಷಿಗೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಹತ್ತಿಯ ಉಂಡೆಯಿಂದ ತೆಳುವಾಗಿ ಹತ್ತಾರು ಸಲ ಎಳೆಯುವ ಹಳೆಯ ಪದ್ಧತಿಯ ಸೊಗಸು ಬೇರೊಂದಕ್ಕಿಲ್ಲ. ಬಿಸಿ ಲೋಟವನ್ನು ಮಾತ್ರ ಅದು ಸಹಿಸದು. ಮೇಲೆ ಹೇಳಿದ ಬಿಳಿಯ ಉಂಗುರಗಳು ಹೆಚ್ಚಾಗಿ ಈ ಬಗೆಯ ಪಾಲಿಷಿನ ಮೇಲೆ ಮೂಡುವಂಥವು. ಆದ್ದರಿಂದ ಮನೆಗೆ ಅರಗು, ಹೋಟೆಲಿನ ಗಲ್ಲಾದ ಪಕ್ಕಕ್ಕೆ ಪಾಲಿಯುರಿಥೇನ್ ಎಂಬ ಗಟ್ಟಿ ವಾರ್ನಿಷು. ಅಗಸೆಯೆಣ್ಣೆ ಬಳಿಯುವವರು ಎಣ್ಣೆಯಾದ ಚಿಂದಿಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬಾರದು; ಅದು ತನ್ನಷ್ಟಕ್ಕೆ ಕಾವೇರಿ ಹೊತ್ತಿಕೊಳ್ಳುತ್ತದೆ. ಬಯಲಿನಲ್ಲಿ ಹರಡಿ ಒಣಗಿಸಿದ ಮೇಲೆಯೇ ಬಿಸಾಡಬೇಕು.

ಪಾಲಿಷು ವಾರಕಾಲ ಒಣಗಿದ ಬಳಿಕ ಶಂಕುಗಳನ್ನು ಮರಳಿ ಕೂರಿಸುವುದು. ಅವುಗಳ ಸುತ್ತ ಗಾಳಿ ಸೋರದಂತೆ ತೆಳುವಾದ ಫೋಮಿನ ಪಟ್ಟಿಯನ್ನು ಹಾಸಬೇಕು. ಪೆಟ್ಟಿಗೆಯಲ್ಲಿ ಗಾಳಿಯ ಕೊಳವೆಯಿದ್ದರೆ ಅದನ್ನು ಮುಚ್ಚಬಾರದು. ಬರೆದಿಟ್ಟ ಕಾಗದದಂತೆ ತಂತಿಗಳನ್ನು ಸೇರಿಸಿ, ಅದೇ ಬ್ಯಾಟರಿಯನ್ನು ಎರಡು ಪೆಟ್ಟಿಗೆಗಳಿಗೂ ಒಂದೇ ರೀತಿಯಲ್ಲಿ ತಾಗಿಸಿ ನೋಡಬೇಕು. ಎರಡೂ ಶಂಕುಗಳು ಒಂದೇ ದಿಕ್ಕಿಗೆ ಅಲುಗಿದರೆ ಜೋಡಣೆ ಸರಿ. ಒಂದು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಹೋದರೆ ಒಂದರ ತಂತಿಗಳನ್ನು ಅದಲುಬದಲು ಮಾಡಿ ಹಾಡು ಹಚ್ಚಬಹುದು.