ಅಕೇಶಿಯಾದ ಬಡ ನೆಂಟ



ನಮ್ಮ ಮಲೆನಾಡಿನಲ್ಲಿ ಅಕೇಶಿಯಾ ನೆಡುತೋಪು ನೋಡದವರು ಯಾರಿದ್ದಾರೆ? ಅದರ ತವರು ಆಸ್ಟ್ರೇಲಿಯಾ ಮತ್ತು ನ್ಯೂಗಿನಿ. ಆಸ್ಟ್ರೇಲಿಯಾದಲ್ಲಿ ಅಕೇಶಿಯಾಗಳಿಗೆ ‘ವ್ಯಾಟಲ್’ ಅಂತಾರೆ. ಅಲ್ಲಿ ಸುಮಾರು ಸಾವಿರ ಬಗೆಯ ವ್ಯಾಟಲ್‌ಗಳಿವೆ. ಅದರಲ್ಲಿ ಗೋಲ್ಡನ್ ವ್ಯಾಟಲ್ 1988ರಿಂದ ಆ ದೇಶದ ರಾಷ್ಟ್ರೀಯ ಹೂವು. ಆದರೆ ಇದೇ ಕುಲದ ಒಂದು ಪೊದೆ ತನ್ನ ಸ್ವಂತ ಊರಿನಲ್ಲೇ ಅಳಿವಿನ ಅಪಾಯದಲ್ಲಿದೆ. ನಾನು ಹೇಳಹೊರಟಿರುವುದು ಅದರ ವಿಷಯ.

ಗಿಡ ಹೇಗಿದೆ?

ಇದರ ಹೆಸರು ಡೌನಿ ವ್ಯಾಟಲ್. ಶಾಸ್ತ್ರೀಯ ಹೆಸರು ಅಕೇಶಿಯಾ ಪ್ಯೂಬೆಸೆನ್ಸ್. ಎಳೆ ಕೊಂಬೆಗಳ ಮೇಲೆ ನವಿರಾದ ರೋಮ ಇರುವುದರಿಂದ ಈ ಹೆಸರು. ಎಲೆ ನಮ್ಮ ಜಾಲಿ ಎಲೆಯಂತೆ ಸಣ್ಣ ಸಣ್ಣ ಗರಿಗಳಾಗಿ ಒಡೆದಿರುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಅಂದರೆ ಅವರ ವಸಂತದ ಹೊತ್ತಿಗೆ, ಹಳದಿ ಗುಂಡು ಹೂಗಳು ತುಂಬಿಕೊಳ್ಳುತ್ತವೆ.

ಎಲ್ಲಿ ಬೆಳೆಯುತ್ತದೆ?

ಸಿಡ್ನಿ ನಗರದ ಸುತ್ತಮುತ್ತ ಮಾತ್ರ. ಜೇಡಿಮಣ್ಣು, ಕಬ್ಬಿಣದ ಅಂಶದ ಗರಸು ಇರುವ ಕುರುಚಲು ಕಾಡೇ ಇದರ ಮನೆ. 1788ರಲ್ಲಿ ಬ್ರಿಟಿಷರು ಸಿಡ್ನಿಯಲ್ಲಿ ನೆಲೆಯೂರಿದ ಮೇಲೆ ಅಂಥ ಕಾಡನ್ನು ಕಡಿದು ಹೊಲ ಮಾಡಿದರು. ಆಮೇಲೆ ಹೊಲವೂ ಹೋಗಿ ಮನೆ, ರಸ್ತೆ, ಕಾರ್ಖಾನೆ ಬಂದವು. ಈಗ ಈ ಪೊದೆ ರಸ್ತೆ ಬದಿ, ರೈಲು ಹಳಿ ಪಕ್ಕ, ಚೂರುಪಾರು ಕಾಡುಗಳಲ್ಲಿ ಉಳಿದಿದೆ. ಅಲ್ಲೂ ಕಸ ಸುರಿಯುತ್ತಾರೆ, ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಾರೆ. ಹೊರಗಿನ ಕಳೆಗಳೂ ಮುತ್ತುತ್ತವೆ.

ನೂರು ಗಿಡವೋ, ಒಂದೇ ಗಿಡವೋ?

ನನಗೆ ಬಹಳ ಆಶ್ಚರ್ಯ ಆದದ್ದು ಈ ಸಂಗತಿ. ಡೌನಿ ವ್ಯಾಟಲ್‌ನಲ್ಲಿ ಬೀಜ ಕಟ್ಟುವುದು ಕಡಿಮೆ. ಬಾಳೆಗೆ ಕಂದು ಬರುವ ಹಾಗೆ ಇದರ ಬೇರಿನಿಂದ ಹೊಸ ಕಾಂಡಗಳು ಏಳುತ್ತವೆ. ನೋಡುವವರಿಗೆ ನೂರು ಗಿಡ ಕಂಡರೂ ನೆಲದೊಳಗೆ ಅದು ಒಂದೇ ಗಿಡ ಇರಬಹುದು. ಆದ್ದರಿಂದ ಕಾಂಡ ಎಣಿಸಿ ‘ಬೇಕಾದಷ್ಟಿದೆ’ ಅನ್ನುವ ಹಾಗಿಲ್ಲ. ಒಂದು ಗುಂಪು ಹೋದರೆ ಒಂದು ವಂಶವೇ ಹೋದಂತೆ.

ಬೆಂಕಿಯ ಲೆಕ್ಕವೂ ಸೂಕ್ಷ್ಮ. ಬೀಜದ ಗಟ್ಟಿ ಸಿಪ್ಪೆ ಬಿರಿಯಲು ಬೆಂಕಿಯ ಕಾವು ಸಹಾಯ ಮಾಡುತ್ತದೆ. ಆದರೆ ಮೇಲಿಂದ ಮೇಲೆ ಬೆಂಕಿ ಬಿದ್ದರೆ ಹೊಸ ಗಿಡ ಬೀಜ ಬಿಡುವ ಮೊದಲೇ ಸುಟ್ಟುಹೋಗುತ್ತದೆ.

ಉಳಿಸುವುದು ಹೇಗೆ?

2003ರಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯ ಇದನ್ನು ಉಳಿಸಲು ಒಂದು ಯೋಜನೆ ತಯಾರಿಸಿತು. ಬೇಲಿ ಹಾಕುವುದು, ಕಳೆ ಕೀಳುವುದು, ಇರುವ ಜಾಗ ಗುರುತಿಸಿ ಕಾಯುವುದು ಮುಖ್ಯ ಕೆಲಸ. ಕುಂಡದಲ್ಲಿ ನಾಲ್ಕು ಸಸಿ ಬೆಳೆಸಿದರೆ ಸಾಲದು, ಅದರ ನೆಲವೂ ಉಳಿಯಬೇಕು.

ನಮ್ಮ ಕಡೆಯೂ ಕೌಳಿ, ನೇರಳೆ ಬೆಳೆಯುವ ಬ್ಯಾಣವನ್ನು ‘ಖಾಲಿ ಜಾಗ’ ಅಂತ ಕರೆಯುತ್ತೇವೆ. ಅಲ್ಲಿ ಆಸ್ಟ್ರೇಲಿಯಾದ ಅಕೇಶಿಯಾ ನೆಟ್ಟದ್ದೂ ಉಂಟು. ಅಲ್ಲಿ ನೆಂಟನಿಗೆ ಜಾಗ ಇಲ್ಲ, ಇಲ್ಲಿ ನಮ್ಮ ಗಿಡಗಳಿಗೆ ಜಾಗ ಇಲ್ಲ!

ಈ ಮಳೆಗಾಲದಲ್ಲಿ ಒಂದು ಕೆಲಸ ಮಾಡಿ. ಅಕೇಶಿಯಾ ಮರದ ಕೆಳಗೆ ಹುಟ್ಟಿದ ಪುಟ್ಟ ಸಸಿ ನೋಡಿ. ಮೊದಲ ಎಲೆಗಳು ಜಾಲಿಯಂತೆ ಗರಿಗರಿಯಾಗಿರುತ್ತವೆ. ದೊಡ್ಡ ಮರದಲ್ಲಿ ಎಲೆ ಅಂತ ಕಾಣುವುದು ಚಪ್ಪಟೆಯಾದ ಎಲೆ ತೊಟ್ಟು! ಹಾಗೇ ಪಕ್ಕದ ಬ್ಯಾಣದಲ್ಲಿ ಯಾವ ಯಾವ ಗಿಡ ಇವೆ ಅಂತ ಪಟ್ಟಿ ಮಾಡಿ ತನ್ನಿ. ಮುಂದಿನ ಸಂಚಿಕೆಯಲ್ಲಿ ಬರೆದು ಅಂಟಿಸೋಣ.