ಟ್ಯಾಬ್ಲೆಟ್ ರಿಮೋಟ್ ಆಗಬಲ್ಲುದೇ?

ಪ್ರಶ್ನೆ: ಟಿವಿ, ಸೆಟ್‌ಟಾಪ್ ಬಾಕ್ಸ್, ಹೋಮ್ ಥಿಯೇಟರ್‌ಗೆ ಮೂರು ರಿಮೋಟ್ ಇವೆ. ಒಂದೇ ಟ್ಯಾಬ್ಲೆಟ್ ಸಾಕಾಗುತ್ತದೆಯೇ? ಎಂಥದು ಕೊಳ್ಳಲಿ?

ಉತ್ತರ: ಸಾಕಾಗುತ್ತದೆ, ಆದರೆ ನಡುವೆ ಒಂದು ಅಡ್ಡಿಯಿದೆ. ಸಾಮಾನ್ಯ ರಿಮೋಟ್ ಮಾತಾಡುವುದು ಅವಗೆಂಪು ಬೆಳಕಿನಲ್ಲಿ. ಅದರ ತುದಿಯ ಎಲ್ಇಡಿ ಸೆಕೆಂಡಿಗೆ ಸುಮಾರು 38,000 ಬಾರಿ ಮಿನುಗುತ್ತ ಸಂಕೇತ ಕಳಿಸುತ್ತದೆ. (ರಿಮೋಟನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿ, ಹೆಚ್ಚಿನ ಫೋನುಗಳಲ್ಲಿ ಆ ಬೆಳಕು ಕಾಣುತ್ತದೆ. ಮಕ್ಕಳಿಗೆ ಒಳ್ಳೆಯ ತಮಾಷೆ.) ಆದರೆ ಈ ಎಲ್ಇಡಿ ಟ್ಯಾಬ್ಲೆಟ್‌ಗಳಲ್ಲಿ ಅಪರೂಪ. 2014ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎಸ್‌ನಲ್ಲಿ ಇಂಥ ಎಲ್ಇಡಿ ಇತ್ತು, ಮರುವರ್ಷದ ಎಸ್2ನಲ್ಲಿ ಮಾಯವಾಯಿತು. ಐಪ್ಯಾಡ್‌ನಲ್ಲಂತೂ ಎಂದೂ ಇರಲಿಲ್ಲ.

ಸ್ಮಾರ್ಟ್ ಟಿವಿಗಾದರೆ ಚಿಂತೆಯಿಲ್ಲ, ಒಂದೇ ವೈಫೈನಲ್ಲಿದ್ದರೆ ಆ್ಯಪ್ ಸಾಕು. ಹಳೆಯ ಸೆಟ್‌ಟಾಪ್ ಬಾಕ್ಸ್, ಹೋಮ್ ಥಿಯೇಟರ್ ಆಂಪ್ಲಿಫೈಯರ್‌ಗೆ ವೈಫೈ ಮೂಲಕ ಆಜ್ಞೆ ಪಡೆದು ಅವಗೆಂಪು ಬೆಳಕು ಚೆಲ್ಲುವ ಪುಟ್ಟ ಪೆಟ್ಟಿಗೆ ಬೇಕು. ಅದನ್ನು ಉಪಕರಣಗಳ ಎದುರಿಗೇ ಇಡಬೇಕು. ಮರದ ಬಾಗಿಲು ದಾಟಿ ಹೋಗುವ ಬೆಳಕಲ್ಲ ಅದು.

ಈ ಕೆಲಸಕ್ಕೆ ದುಬಾರಿ ಟ್ಯಾಬ್ಲೆಟ್ ದಂಡ. ಎಂಟು ಇಂಚಿನ, ಒಂದು ಕೈಯಲ್ಲಿ ಹಿಡಿಯಬಹುದಾದ್ದು ಸಾಕು. ಆ್ಯಪ್ ನಿಮ್ಮ ಆಂಡ್ರಾಯ್ಡ್ ಆವೃತ್ತಿಗೆ ಹೊಂದುತ್ತದೆಯೇ ಎಂದು ಮಾತ್ರ ಮೊದಲೇ ನೋಡಿ. ಮನೆಯಲ್ಲಿ ಹಳೆಯದು ಬಿದ್ದಿದ್ದರೆ ಹೊಸದು ಕೊಳ್ಳಲೇಬೇಡಿ. ಮೂಲ ರಿಮೋಟುಗಳನ್ನೂ ಎಸೆಯಬೇಡಿ: ವೈಫೈ ಕೈಕೊಟ್ಟಾಗ ಬೇಕಾಗುತ್ತವೆ.