ಖಾಲಿ ಕಾಣುವ ಬಸ್ ಪಥ ಖಾಲಿ ಇಲ್ಲ

ಹುಬ್ಬಳ್ಳಿ–ಧಾರವಾಡದ ನಡುವೆ ಬಸ್ಸಿಗೆಂದೇ ಮೀಸಲಿಟ್ಟ ಪಥದಲ್ಲಿ ಚಿಗರಿ ಬಸ್ಸು ಓಡಲು ಶುರುವಾದದ್ದು 2018ರ ಅಕ್ಟೋಬರಿನಲ್ಲಿ. ಅಂದಿನಿಂದ ಒಂದು ಮಾತು ಮಾತ್ರ ಸವೆದೇ ಇಲ್ಲ: "ನಡುವಿನ ಲೇನ್ ಖಾಲಿ ಬಿದ್ದೈತಿ ನೋಡ್ರಿ, ಎಲ್ಲಾ ಗಾಡಿಗೂ ಬಿಟ್ಟುಬಿಡ್ರಿ." ಓದಿದವರು, ಎಂಜಿನಿಯರುಗಳು, ಮೇಷ್ಟ್ರುಗಳು ಕೂಡ ಇದನ್ನೇ ಹೇಳುತ್ತಾರೆ. ವಿದ್ಯಾನಗರದ ಕಡೆ ಸಿಗ್ನಲ್ಲಿಗೆ ನಿಂತ ಕಾರಿನೊಳಗಿಂದ ಯಾರೋ ಮೊಬೈಲಿನಲ್ಲಿ ಹಿಡಿದ ಇಪ್ಪತ್ತು ಸೆಕೆಂಡಿನ ವಿಡಿಯೊ ಅವರಿಗೆ ಸಾಕ್ಷಿ. ಎಡಗಡೆ ಸಾಲುಗಟ್ಟಿದ ಗಾಡಿಗಳು, ಬಲಗಡೆ ಬೋಳು ರಸ್ತೆ. ಇನ್ನೇನು ಬೇಕು?

ಬೇಕಾದದ್ದು ಪ್ರಾಥಮಿಕ ಶಾಲೆಯ ಲೆಕ್ಕ. ಗಂಟೆಗೆ 30 ಕಿ.ಮೀ. ವೇಗದ ಬಸ್ಸು ಒಂದು ನಿಮಿಷಕ್ಕೆ 500 ಮೀಟರ್ ಹೋಗುತ್ತದೆ. ನಿಮಿಷಕ್ಕೊಂದು ಬಸ್ಸು ಬಿಟ್ಟರೂ ಒಂದಕ್ಕೂ ಇನ್ನೊಂದಕ್ಕೂ ನಡುವೆ ಅರ್ಧ ಕಿಲೋಮೀಟರ್ ಅಂತರ ಇದ್ದೇ ಇರುತ್ತದೆ. ಬಸ್ಸಿನ ಉದ್ದ 12 ಮೀಟರ್. ಅಂದರೆ ಆ ಪಥದಲ್ಲಿ ನೂರು ಮೀಟರಿಗೆ ತೊಂಬತ್ತೇಳು ಮೀಟರ್ ಯಾವ ಹೊತ್ತಿನಲ್ಲಿ ನೋಡಿದರೂ ಬೋಳಾಗಿಯೇ ಕಾಣಬೇಕು. ಬಸ್ಸಿಗೆ 60 ಜನರಂತೆ ಹಿಡಿದರೆ ಅದೇ ಬೋಳು ಪಥ ಗಂಟೆಗೆ 3,600 ಜನರನ್ನು ದಾಟಿಸಿರುತ್ತದೆ. ಪಕ್ಕದ ಕಾರುಗಳ ಪಥ ನೋಡಿ. ಸಿಗ್ನಲ್ಲಿನಲ್ಲಿ ಅರ್ಧ ಹೊತ್ತು ಕೆಂಪು ದೀಪ. ಬಹಳವೆಂದರೆ ಗಂಟೆಗೆ ಒಂಬತ್ತು ನೂರು ಕಾರು, ಕಾರಿಗೆ ಸರಾಸರಿ ಒಂದೂವರೆ ಜನ. ಒಟ್ಟು 1,350. ಎರಡು ನಿಮಿಷಕ್ಕೊಂದು ಬಸ್ಸು ಬಂದರೂ ಬಸ್ಸಿನ ಪಥವೇ ಮುಂದೆ. ತುಂಬಿದಂತೆ ಕಾಣುವ ಪಥ ತುಂಬಿರುವುದು ಅದು ಚಲಿಸುತ್ತಿಲ್ಲವಾದ್ದರಿಂದ. ಖಾಲಿ ಕಾಣುವ ಪಥ ತನ್ನ ಕೆಲಸ ಮುಗಿಸಿ ಮುಂದೆ ಹೋಗಿರುತ್ತದೆ.

ಬಸ್ಸುಗಳೇ ಕಡಿಮೆ ಎಂದು ದೂರಿದರೆ ಆ ದೂರಿಗೆ ನಾನೂ ಸಹಿ ಹಾಕುತ್ತೇನೆ. ಕೆಟ್ಟು ನಿಂತ ಬಸ್ಸುಗಳನ್ನು ರಿಪೇರಿ ಮಾಡಿಸಿ, ಹೊಸವನ್ನು ಕೊಳ್ಳಿ, ಸಂಖ್ಯೆ ಹೆಚ್ಚಿಸಿ. ಬಸ್ಸು ಸಾಲದು ಎಂಬುದು ಪಥ ಕಿತ್ತುಕೊಳ್ಳಲು ಕಾರಣವಾಗುವುದು ಹೇಗೆ? ಮೇಷ್ಟ್ರು ಕಡಿಮೆಯಿದ್ದಾರೆಂದು ಶಾಲೆಯ ಕಟ್ಟಡವನ್ನು ಗೋದಾಮಿಗೆ ಕೊಡುತ್ತೇವೆಯೇ?

ಪಥ ಬಿಟ್ಟುಕೊಡಿ ಎಂಬ ಈ ಮಾತು ಹುಬ್ಬಳ್ಳಿಯದಷ್ಟೇ ಅಲ್ಲ. ದೆಹಲಿಯಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 5.8 ಕಿ.ಮೀ. ಬಸ್ ಪಥ 2008ರಲ್ಲಿ ಬಂತು. ಕಾರಿನವರ ಕೂಗು ಹೈಕೋರ್ಟಿನವರೆಗೆ ಹೋಯಿತು. 2012ರ ಅಕ್ಟೋಬರಿನಲ್ಲಿ ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು. ಕೋರ್ಟಿನಲ್ಲಿ ಗೆದ್ದ ಪಥ ರಾಜಕೀಯದೆದುರು ಸೋತಿತು. 2015ರಲ್ಲಿ ಕಿತ್ತುಹಾಕುವ ತೀರ್ಮಾನವಾಯಿತು, ಮರುವರ್ಷ ಒಡೆದರು. ರಸ್ತೆಯ ಜಾಗ ವಾಹನಕ್ಕಲ್ಲ, ಜನರಿಗೆ ಸೇರಿದ್ದು ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳಿದ್ದರೂ ಇಷ್ಟಾಯಿತು.

"ಬಿಟ್ಟುಬಿಡ್ರಿ" ಎನ್ನುವವರು ಯೋಚಿಸದೇ ಇರುವುದು ನಡೆದು ಬರುವವರ ಬಗ್ಗೆ. ಚಿಗರಿಯ ನಿಲ್ದಾಣಗಳಿರುವುದು ರಸ್ತೆಯ ನಟ್ಟನಡುವೆ. ಬಸ್ಸು ಹತ್ತುವ ಪ್ರತಿಯೊಬ್ಬರೂ, ಇಳಿಯುವ ಪ್ರತಿಯೊಬ್ಬರೂ ರಸ್ತೆ ದಾಟಲೇಬೇಕು. ಈಗ ಅರ್ಧ ದಾಟಿದರೆ ನಿಲ್ದಾಣ ಸಿಗುತ್ತದೆ. ಮಂಡಿನೋವಿನ ಅಜ್ಜಿ ಕಾಯಿಪಲ್ಲೆ ಚೀಲ ಹಿಡಿದು ಸೆಕೆಂಡಿಗೆ 0.8 ಮೀಟರ್ ನಡೆಯುತ್ತಾಳೆ ಎನ್ನಿ. ಮೂರು ಲೇನ್, ಹತ್ತೂವರೆ ಮೀಟರ್, ಹದಿಮೂರು ಸೆಕೆಂಡು. ಅಷ್ಟು ಹೊತ್ತು ಒಂದೇ ದಿಕ್ಕಿಗೆ ಕಣ್ಣಿಟ್ಟರೆ ಸಾಕು. ಬಸ್ಸಿನ ಪಥದಲ್ಲಿ ಬರುವುದು ತರಬೇತಾದ ಚಾಲಕನ ಕೈಯಲ್ಲಿರುವ ಬಸ್ಸು ಮಾತ್ರ. ಅದೇ ಪಥಕ್ಕೆ ಬೈಕು, ಕಾರು, ಟೆಂಪೊ ಬಿಟ್ಟರೆ ಅವಳು ಇಳಿಯುವ ಕಡೆಯೂ ವೇಗದ ಗಾಡಿ, ದಾಟುವ ಕಡೆಯೂ ವೇಗದ ಗಾಡಿ.

ವೇಗ ಎಂದರೇನು ಎಂದೂ ಹೇಳಲೇಬೇಕು. 30 ಕಿ.ಮೀ. ವೇಗದ ಕಾರು, ಚಾಲಕ ನೋಡಿ ಬ್ರೇಕ್ ಒತ್ತಿ ನಿಲ್ಲುವಷ್ಟರಲ್ಲಿ ಸುಮಾರು 13 ಮೀಟರ್ ಹೋಗಿರುತ್ತದೆ. 60ರಲ್ಲಿದ್ದರೆ ಸುಮಾರು 36. ಬಡಿಯುವ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಇದನ್ನು ಓದಿಯೂ "ಅವರು ನೋಡಿಕೊಂಡು ದಾಟಬೇಕಿತ್ತು" ಎನ್ನುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಅದಕ್ಕೆ ಸ್ಕೈವಾಕ್ ಕಟ್ಟಿಬಿಟ್ಟರಾಯಿತು ಎಂಬುದು ಇನ್ನೊಂದು ನಂಬಿಕೆ. ರಸ್ತೆಯ ಮೇಲೆ ಐದೂವರೆ ಮೀಟರ್ ಎತ್ತರ ಬಿಡಲೇಬೇಕು. ಸುಮಾರು ನಲವತ್ತು ಮೆಟ್ಟಿಲು ಹತ್ತಿ, ಅಷ್ಟೇ ಇಳಿಯಬೇಕು. ಲಿಫ್ಟು ಕೆಟ್ಟ ದಿನ ಆ ಅಜ್ಜಿ ಕೆಳಗಿನಿಂದಲೇ ದಾಟುತ್ತಾಳೆ, ಕೆಳಗೆ ದೀಪವೂ ಇಲ್ಲ, ಜೀಬ್ರಾ ಪಟ್ಟೆಯೂ ಇಲ್ಲ. ರಸ್ತೆ ಅಗಲವಾದಷ್ಟೂ ಸುರಕ್ಷಿತ ಎಂಬುದೂ ಸುಳ್ಳು. ಅಗಲವಾದಷ್ಟೂ ಗಾಡಿ ಓಡಿಸುವವರ ಕಾಲು ಆಕ್ಸಿಲರೇಟರಿನ ಮೇಲೆ ಭಾರವಾಗುತ್ತದೆ. ಬಸ್ ಪಥ ಶ್ರೀಮಂತ ದೇಶಗಳ ಶೋಕಿ ಎನ್ನುವವರು ಬ್ರೆಜಿಲಿನ ಕುರಿಟಿಬ 1974ರಲ್ಲೇ ಅದನ್ನು ಶುರುಮಾಡಿದ್ದನ್ನು ಗಮನಿಸಲಿ.

ನನ್ನನ್ನು ಕಾಡುವುದು ಈ ತಪ್ಪುಗಳಿಗಿಂತ ಅವು ಹರಡುವ ಬಗೆ. ಕಾರಿನ ಮುಂಗಾಜಿನಿಂದ ಕಂಡದ್ದೇ ಊರು ಎಂದು ನಂಬಿಬಿಟ್ಟಿದ್ದೇವೆ. ಬಸ್ಸಿನೊಳಗೆ ಕಂಬಿ ಹಿಡಿದು ನಿಂತವನು ವಿಡಿಯೊ ಮಾಡುವುದಿಲ್ಲ, ಪತ್ರಿಕೆಗೆ ಬರೆಯುವುದಿಲ್ಲ, ಶಾಸಕರ ಮನೆಗೆ ನಿಯೋಗ ಒಯ್ಯುವುದಿಲ್ಲ. ತೂಕದ ಕಲ್ಲು ಇಲ್ಲದೆ ಜೋಳ ಕೊಳ್ಳದ ಜನ, ಕೋಟಿಗಟ್ಟಲೆ ಹಣ ಸುರಿದು ಕಟ್ಟಿದ 22 ಕಿ.ಮೀ.ಗೂ ಮೀರಿದ ಕಾರಿಡಾರಿನ ಬಗ್ಗೆ ಎಣಿಸದೆ ತೀರ್ಪು ಕೊಡುತ್ತಾರೆ. ಬಸ್ಸಿನಲ್ಲಿರುವ ತಲೆಗಳನ್ನೂ ಕಾರಿನಲ್ಲಿರುವ ತಲೆಗಳನ್ನೂ ಒಂದು ಗಂಟೆ ನಿಂತು ಎಣಿಸಲು ಯಾವ ಪದವಿಯೂ ಬೇಡ.

ಒತ್ತಾಯಿಸುವುದಾದರೆ ಒತ್ತಾಯಿಸಬೇಕಾದ್ದು ಬೇರೆ. ಪ್ರತಿ ನಿಲ್ದಾಣದೆದುರು ರಸ್ತೆಯ ಮಟ್ಟದಿಂದ ಎತ್ತರಿಸಿದ ಜೀಬ್ರಾ ಕ್ರಾಸಿಂಗ್, ಅಜ್ಜಿಯ ನಡಿಗೆಗೆ ಸಾಕಾಗುವಷ್ಟು ಹೊತ್ತು ಉರಿಯುವ ಹಸಿರು ದೀಪ, ಅಲ್ಲಿಗೆ ಮುಟ್ಟುವ ಮುರಿಯದ ಫುಟ್‌ಪಾತು, ಬಸ್ಸಿನ ಪಥಕ್ಕೆ ನುಗ್ಗುವ ಗಾಡಿಗೆ ತಪ್ಪದೆ ದಂಡ. ಮುಂದಿನ ಸಲ ಪಾಲಿಕೆ ಸದಸ್ಯರು ಮತ ಕೇಳಲು ಬಂದಾಗ ಇವುಗಳಲ್ಲಿ ಒಂದನ್ನು ಬರೆದುಕೊಡಿ ಎಂದು ಕೇಳಿ.